ಹದಿನೈದನೇ ಪ್ರಶ್ನೆ ಖಾಲಿ ಐತಿ

ಇದು ಖರೇ ಕಥೆ. ಹನ್ನೊಂದು ದನಿಯಲ್ಲಿ ಸುಳ್ಳು ಹೇಳಿ ಲೈಕು ಗಳಿಸಿದವನು ಹನ್ನೆರಡನೆಯ ದನಿಯಲ್ಲಿ ಖರೇ ಹೇಳ್ತೀನಿ ಅಂದರೆ ನೀವು ನಗಬಹುದು. ನಗ್ರಿ. ನಿಮಗಿಂತ ಜೋರಾಗಿ ನಕ್ಕವರು ಯಾರು ಅಂತ ಕೊನೆಗೆ ನಾನೇ ಹೇಳ್ತೀನಿ.

ನನ್ನ ಹೆಸರು ಬಸವಪ್ರಸಾದ, ಊರು ಪೀರನವಾಡಿ. ಬಿ.ಎ. ಮುಗಿಸಿ ಕಂಟೆಂಟ್ ಕ್ರಿಯೇಟರ್ ಆಗಿದ್ದೇನೆ. ಇದರಿಂದ ಕಂಟೆಂಟ್ ಆಗದವಳು ನಮ್ಮವ್ವ ಒಬ್ಬಳೇ. ಬೆಳಗಾವಿ–ಖಾನಾಪುರ ಬಸ್ಸಿನಲ್ಲಿ ಕೇಳಿದ ಮಾತುಗಳನ್ನು ಅವರವರ ದನಿಯಲ್ಲೇ ಆಡಿ ವಿಡಿಯೋ ಹಾಕುತ್ತೇನೆ. ವ್ಯೂಸ್ ಲಕ್ಷ, ಕಿಸೆ ಅಲಕ್ಷ್ಯ.

ಮಚ್ಛೆಯ ಫ್ಯಾಕ್ಟರಿಯಲ್ಲಿ ದುಡಿಯುವ ಗೆಳೆಯ ಓಂಕಾರನಿಗೂ ಇದೇ ಹುಚ್ಚು. ಹೆಣ್ಣುದನಿ ಅವನ ಸ್ಪೆಷಲ್. ಯಾರ್‍ಯಾರದೋ ಮೊಬೈಲಿನಿಂದ, ಯಾರ್‍ಯಾರದೋ ದನಿಯಲ್ಲಿ ನನಗೆ ಫೋನ್ ಮಾಡುತ್ತಾನೆ. ಆಗ ನಾನೂ ಬೇರೆ ದನಿಯಲ್ಲೇ ಉತ್ತರ ಕೊಡಬೇಕು. ಮೊದಲು ಸ್ವಂತ ದನಿಗೆ ಬಂದವ ಸೋತ, ಚಹಾ-ಭಜಿ ಅವನ ಲೆಕ್ಕಕ್ಕೆ. ಮೂರು ವರ್ಷದಿಂದ ನಡೆದ ಕಾಯ್ದೆ ಇದು.

ಡಿಸೆಂಬರಿನ ಒಂದು ಬೆಳಿಗ್ಗೆ ಹೊಸ ನಂಬರಿನಿಂದ ಫೋನ್ ಬಂತು.

"ನಮಸ್ಕಾರ್ರಿ, ಸೋಶಿಯಲ್ ಮೀಡಿಯಾ ಅಧ್ಯಯನ ಸಮಿತಿಯಿಂದ ಮಾತಾಡಾಕತ್ತೀನಿ. ಕ್ರಿಯೇಟರ್‌ಗಳು ಹ್ಯಾಂಗ ದುಡೀತಾರಂತ ಶಾಸಕರ ಸಮಿತಿ ವಿಚಾರಣಿ ನಡಸೈತಿ. ಹದಿನೈದು ಪ್ರಶ್ನೆ ಅದಾವ್ರಿ."

ಏನು ದನಿ ಅಂತೀರಿ! ಬೆಲ್ಲದ ಚಹಾದ ಹಂಗ. ಓಂಕಾರ ಈ ಸಲ ಭಾಳ ಪ್ರಾಕ್ಟೀಸ್ ಮಾಡ್ಯಾನಂತ ಮನಸ್ಸಿನಲ್ಲೇ ಶಹಬ್ಬಾಸ್ ಅಂದೆ. ಗಂಟಲು ಸರಿಮಾಡಿಕೊಂಡು ಸಾಹುಕಾರನ ದನಿ ತೆಗೆದೆ.

"ಕೇಳ್ರಿ, ಬಾಯಾರ. ನಮ್ಮಲ್ಲಿ ಮುಚ್ಚುಮರಿ ಇಲ್ಲ."

"ವರ್ಷದ ಗಳಿಕಿ ಎಷ್ಟ್ರಿ?"

"ಎರಡು ಕೋಟಿ. ಚಿಲ್ಲರಿ ಆಳುಮಂದಿಗೆ ಬಿಟ್ಟೀನಿ."

ಆ ಕಡೆ ಪೆನ್ನು ಸರಸರ ಬರೆದ ಸದ್ದು ಕೇಳಿತು. "ಆಳುಮಂದಿ ಎಷ್ಟು?"

"ಹನ್ನೊಂದು. ಎಲ್ಲಾರೂ ನನ್ನ ಗಂಟಲದಾಗ ಇರ್ತಾರ."

ಹದಿನಾಲ್ಕು ಪ್ರಶ್ನೆಗೆ ಇದೇ ಠೀವಿಯಲ್ಲಿ ಉತ್ತರ ಕೊಟ್ಟೆ. ಹದಿನೈದನೆಯದು ಕೇಳುವಷ್ಟರಲ್ಲಿ ಚಾರ್ಜ್ ಮುಗಿದು ಫೋನ್ ಸತ್ತಿತು.

ಮರುದಿನ ಅವ್ವನ ಹಳೆ ಇಳಕಲ್ ಸೀರೆಯ ಸೆರಗು ತಲೆಯ ಮೇಲೆ ಹೊದ್ದುಕೊಂಡು ವಿಡಿಯೋ ಮಾಡುತ್ತಿದ್ದೆ. ಮೊಬೈಲು ಜೋಳದ ಡಬ್ಬಿಗೆ ಒರಗಿ ನಿಂತಿತ್ತು. ಬಾಗಿಲಲ್ಲಿ ಯಾರೋ ಕೆಮ್ಮಿದರು.

ತಿಳಿಹಳದಿ ಚೂಡಿದಾರ, ಹೆಗಲಿಗೆ ಫೈಲಿನ ಚೀಲ, ಬಾಯಲ್ಲಿ ಪೆನ್ನಿನ ಟೋಪಿ. ದೊಡ್ಡ ಕಣ್ಣು ಮೊದಲು ನನ್ನ ಸೆರಗು ನೋಡಿತು, ಆಮೇಲೆ ಮೀಸೆ, ಆಮೇಲೆ ಜೋಳದ ಡಬ್ಬಿ.

"ಬಸವಪ್ರಸಾದ ಅವರು ಅದಾರೇನ್ರಿ? ನಾನು ಸಮೃದ್ಧಿ, ಖಾನಾಪುರದಾಕಿ. ನಿನ್ನೆ ಫೋನ್ ಮಾಡಿದ್ನಲ್ಲ. ಫಾರಂಗೆ ಸಹಿ ಬೇಕಾಗಿತ್ತು."

ಬೆಲ್ಲದ ಚಹಾ! ಸೆರಗು ಜಾರಿತು. ಸೆರಗಿನ ಜೊತೆ ನಾನೂ.

"ಅಂದ್ರ... ನೀವು ಓಂಕಾರ ಅಲ್ಲ?"

"ನಾನು ಓಂಕಾರನಂಗ ಕಾಣ್ತೀನೇನ್ರಿ?"

ಒಳಗೆ ಕುಂದರಿಸಿ ನಮ್ಮ ಕಾಯ್ದೆಯನ್ನೆಲ್ಲ ಹೇಳಿದೆ. ಅವಳ ಮುಖ ನಗಲೋ ಅಳಲೋ ಅಂತ ಎರಡು ಮನಸ್ಸು ಮಾಡಿತು.

"ನಾನು ನಿನ್ನೆನೇ ಅಪ್‌ಲೋಡ್ ಮಾಡೀನ್ರಿ. ಫಾರಂ ಮ್ಯಾಲೆ ಬರದಾರ ನೋಡ್ರಿ, 'ಹೇಳಿದ್ದನ್ನು ಹೇಳಿದಂತೆಯೇ ದಾಖಲಿಸುವುದು.' ಇನ್ನ ತಿದ್ದಾಕ ಬರೂದಿಲ್ಲ. ಶುಕ್ರವಾರ ಸಮಿತಿ ಮುಂದ ನೀವ ಬಂದು ಹೇಳಬೇಕು. ಇಲ್ಲಾಂದ್ರ ಸುಳ್ಳು ಅಂಕಿ ತುಂಬಿದಾಕಿ ಅಂತ ನನ್ನ ಮನಿಗೆ ಕಳಸ್ತಾರ. ಮೊದಲನೇ ನೌಕರಿ ಇದು. ಹತ್ತು ದಿನಾನೂ ಆಗಿಲ್ಲ."

"ಬರ್ತೀನ್ರಿ," ಅಂದೆ, ಸಾಹುಕಾರನ ದನಿಯಲ್ಲಿ. ಗಾಬರಿಯಾದಾಗ ನನ್ನ ಗಂಟಲಿಗೆ ಯಾರು ಸಿಗುತ್ತಾರೋ ಅವರೇ ಮಾತಾಡುತ್ತಾರೆ.

"ನಿಮ್ಮ ದನಿ ಯಾವುದ್ರಿ ಇದರಾಗ?" ಎಂದು ಕೇಳಿದಳು. ಬೈದದ್ದಲ್ಲ. ಗಡಿಯಾರ ಬಿಚ್ಚಿ ಒಳಗೆ ನೋಡುವವರ ಕುತೂಹಲ ಅದು.

ಸಮೃದ್ಧಿ ದಿನಾ ಖಾನಾಪುರದಿಂದ ಬೆಳಗಾವಿಗೆ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ಅಂದು ಸಂಜೆಯಿಂದ ಪೀರನವಾಡಿ ಸ್ಟಾಪಿನಲ್ಲಿ ಆ ಬಸ್ ಹತ್ತುವವನು ನಾನು. ಹೊಸ ದನಿ ಹುಡುಕಾಕ ಅಂತ ಹೇಳಿದೆ. ಅವಳು ನಂಬಲಿಲ್ಲ, ಬಾಜುವಿನ ಸೀಟಿನಿಂದ ಚೀಲ ಮಾತ್ರ ತೆಗೆದಳು.

"ಒಂದು ಲಕ್ಷ ಮಂದಿ ನೋಡಿದ್ರ ಎಷ್ಟು ಬರತೈತ್ರಿ?"

"ಒಂದ್ಸಲ ನೂರಾಹತ್ತು ರೂಪಾಯಿ. ಇನ್ನೊಂದ್ಸಲ ಏನೂ ಇಲ್ಲ."

"ಯಾಕ?"

"ಅಲ್ಗಾರಿದಮ್ ಇಚ್ಛಾ. ದೇವರಿದ್ದಂಗ."

"ದೇವರಿಗೆ ಗುಡಿ ಐತಿ, ಬಾಗಲ ಐತಿ, ಪೂಜಾರಿ ಅದಾನ. ಇದಕ್ಕ ಬಾಗಲ ಎಲ್ಲೈತ್ರಿ? ಜಗಳ ಮಾಡಾಕಾದರೂ ಎಲ್ಲಿಗೆ ಹೋಗಬೇಕು?"

ಮೂರು ವರ್ಷ ಈ ಕೆಲಸ ಮಾಡಿದ ನನಗೆ ಒಮ್ಮೆಯೂ ಹೊಳೆಯದ ಪ್ರಶ್ನೆ ಅದು. ಪೆನ್ನಿನ ಟೋಪಿ ಕಚ್ಚುತ್ತಾ ಕಿಟಕಿಯ ಕಡೆ ತಿರುಗಿದಳು. ಗಾಳಿಗೆ ಹಾರಿದ ಒಂದು ಎಳೆ ಕೂದಲು ನನ್ನ ಭುಜ ಮುಟ್ಟಿ ಹೋಯಿತು. ಮಚ್ಛೆ ಬಂದದ್ದು, ಹೋದದ್ದು ನನಗೆ ತಿಳಿಯಲಿಲ್ಲ.

ಕೆಲವೊಮ್ಮೆ ತನ್ನ ಆಫೀಸಿನ ಕಥೆ ಹೇಳುತ್ತಿದ್ದಳು. ಸಮಿತಿಯ ಕಾರ್ಯದರ್ಶಿ ಕಾಂತಾ ಮೇಡಂ ಬೆಂಗಳೂರಿನವರು. "'ಸಮೃದ್ಧಿ, ಬಾಯಿಂದ ಪೆನ್ ತೆಗೀರಿ' ಅಂತಾರ," ಎಂದು ಅವರಂತೆಯೇ ಮೂಗು ಸ್ವಲ್ಪ ಮೇಲೆತ್ತಿ ಹೇಳಿದಳು. ಪರವಾಗಿಲ್ಲ, ಹುಡುಗಿಗೆ ಕಿವಿ ಐತಿ ಅಂತ ದೊಡ್ಡ ಕಲಾವಿದನ ಗತ್ತಿನಲ್ಲಿ ತಲೆಯಾಡಿಸಿದೆ. ಅಲ್ಲಿಗೇ ಮರೆತೆ. ಮರೀಬಾರದಿತ್ತು.

ಅಷ್ಟರಲ್ಲಿ ಸಮಿತಿಯ ದಾಖಲೆಯಿಂದ ಸೋರಿ ಎರಡು ಕೋಟಿಯ ಸುದ್ದಿ ಊರೆಲ್ಲ ಹಬ್ಬಿತ್ತು. ಗುರುವಾರ ಗಜಾನನ ಸರ್ ಮನೆಗೇ ಬಂದರು. 'ಮನೆಯಲ್ಲೇ ಕುಳಿತು ಕೋಟಿ ಗಳಿಸಿ' ಎಂಬ ಕ್ಲಾಸು ತೆಗೆದವರು.

"ತಿಂಗಳಿಗೆ ನಲವತ್ತು ಸಾವಿರ ಕೊಡ್ತೀನಿ. ಬೋರ್ಡಿನ ಮ್ಯಾಲೆ ನಿನ್ನ ಫೋಟೋ. ನೀ ಏನೂ ಮಾಡಬ್ಯಾಡ. ನಾಳೆ ಅಲ್ಲಿ ಹೋಗಿ ಅಲ್ಲ ಅನಬ್ಯಾಡ, ಅಷ್ಟ."

ಅವ್ವ ಅಡಿಗೆಮನೆಯಿಂದ ಇಣುಕಿದಳು. ಮೂರು ವರ್ಷದಲ್ಲಿ ಮೊದಲ ಸಲ ಅವಳ ಮುಖದಲ್ಲಿ ಕಂಟೆಂಟ್ ಕಂಡಿತು.

ಶುಕ್ರವಾರ ಬೆಳಗಾವಿಯ ಪ್ರವಾಸಿ ಮಂದಿರದಲ್ಲಿ ವಿಚಾರಣೆ. ಅಧ್ಯಕ್ಷರು ತಮ್ಮಣ್ಣ ಸಾಹೇಬರು, ಅವರ ಬಾಜು ಕಾಂತಾ ಮೇಡಂ. ಎದುರಿಗೆ ನಾವು ವಿಡಿಯೋ ಹಾಕುವ ಆ್ಯಪಿನ ಕಂಪನಿಯ ಪ್ರತಿನಿಧಿ, ಬ್ಲೇಜರ್ ಹಾಕಿಕೊಂಡು. ಹಿಂದಿನ ಗೋಡೆಗೆ ಅಂಟಿಕೊಂಡು ಸಮೃದ್ಧಿ.

ಬ್ಲೇಜರ್‌ನವರು ನಗುತ್ತಾ ಕಾಗದ ಎತ್ತಿದರು. "ಕ್ರಿಯೇಟರ್‌ಗಳಿಗೆ ಏನೂ ಸಿಗೋದಿಲ್ಲ ಅಂತೀರಿ. ನಿಮ್ಮದೇ ದಾಖಲೆ ನೋಡಿ ಸರ್. ಪೀರನವಾಡಿಯ ಒಬ್ಬ ಹುಡುಗ, ವರ್ಷಕ್ಕೆ ಎರಡು ಕೋಟಿ!"

ನನ್ನ ಸುಳ್ಳು ಅವರ ಕೈಯಲ್ಲಿ ಸಾಕ್ಷಿಯಾಗಿ ನಿಂತಿತ್ತು.

"ಎಲ್ಲದಾನ ಆ ಹುಡುಗ?" ಅಂದರು ತಮ್ಮಣ್ಣ ಸಾಹೇಬರು, ಕಂಚಿನ ದನಿಯಲ್ಲಿ.

ಎದ್ದು ನಿಂತೆ. ಬಾಯಿ ತೆರೆದೆ. "ಇಲ್ಲೇ ಅದೀನ್ರಿ ಸಾಹೇಬರ," ಅಂತ ಹೊರಬಂದದ್ದು ಅವರದೇ ಕಂಚಿನ ದನಿ!

ನಾನು ಗೋಡೆಯ ಕಡೆ ನೋಡಿದೆ. ಸಮೃದ್ಧಿ ಪೆನ್ನಿನ ಟೋಪಿ ಕಚ್ಚಲೂ ಮರೆತು ನಿಂತಿದ್ದಳು. ನೀರು ಕುಡಿದೆ. ಒಳಗೆ ಹನ್ನೊಂದು ಮಂದಿಗೂ ರಜೆ ಕೊಟ್ಟೆ. ಉಳಿದದ್ದು ಒಂದು ಸಣ್ಣ, ಸ್ವಲ್ಪ ನಡುಗುವ ದನಿ.

"ಎರಡು ಕೋಟಿ ಸುಳ್ಳು ರೀ. ಚ್ಯಾಷ್ಟಿ ಅಂತ ತಿಳದು ನಾನ ಹೇಳಿದ್ದು. ಬರಕೊಂಡವರದು ತಪ್ಪಿಲ್ಲ. ಹೋದ ವರ್ಷ ನನಗ ಬಂದದ್ದು ಹನ್ನೊಂದು ಸಾವಿರದ ನಾನೂರು. ಅದೂ ಯಾವ ಲೆಕ್ಕದಾಗ ಬಂತು ಅಂತ ನನಗ ಗೊತ್ತಿಲ್ಲ. ಆದ್ರ ಈ ಸುಳ್ಳು ಹಬ್ಬಿದ ಮ್ಯಾಲೆ ತಿಂಗಳಿಗೆ ನಲವತ್ತು ಸಾವಿರದ ಕೆಲಸ ಮನಿಬಾಗಲಿಗೆ ಬಂತು. ರೊಕ್ಕ ವಿಡಿಯೋದಾಗ ಇಲ್ರಿ ಸಾಹೇಬರ. ರೊಕ್ಕ ಬರತೈತಿ ಅಂತ ಮಂದೀನ ನಂಬಸೂದರಾಗ ಐತಿ."

ಬ್ಲೇಜರ್‌ನವರು ಕಾಗದ ಮಡಚಿದರು. ತಮ್ಮಣ್ಣ ಸಾಹೇಬರು ಮೀಸೆ ಮುಟ್ಟಿಕೊಂಡು, "ಹಂಗಾರ ಆ ಲೆಕ್ಕ ನೀವ ಹೇಳ್ರಿ," ಅಂತ ಅವರ ಕಡೆ ತಿರುಗಿದರು. ಆಮೇಲೆ ಗೋಡೆಯ ಕಡೆ ನೋಡಿ, "ಹೇಳಿದ್ದು ಹೇಳಿದಂಗ ಬರದೀ, ತಂಗಿ. ಮುಂದ ಒಂದ್ಸಲ ಖಾತ್ರಿ ಮಾಡ್ಕೋ. ನಡೀಲಿ ನಿನ್ನ ಕೆಲಸ," ಅಂದರು.

ನೌಕರಿ ಉಳಿಯಿತು. ನೌಕರಿಯವಳು ಮಾತ್ರ ಕಾಣೆಯಾದಳು. ನಾಲ್ಕು ದಿನ ಬಸ್ಸಿನಲ್ಲಿ ಆ ಕಿಟಕಿ ಸೀಟಿನಲ್ಲಿ ಯಾರ್‍ಯಾರೋ ಕೂತರು. ಫೋನ್ ಮಾಡಲು ಧೈರ್ಯವಾಗಲಿಲ್ಲ. ಐದನೆಯ ದಿನ ತಡೆಯಲಾರದೆ ಖಾನಾಪುರಕ್ಕೇ ಹೋಗಿ, ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಯಾವ ಕಡೆ ಹೋಗೂಣು ಅಂತ ನಿಂತಿದ್ದೆ. ಫೋನ್ ಬಂತು. ಹೊಸ ನಂಬರು.

"ಮಿಸ್ಟರ್ ಬಸವಪ್ರಸಾದ್? ನಾನು ಕಾಂತಾ, ಸಮಿತಿ ಕಾರ್ಯದರ್ಶಿ. ನಿಮ್ಮ ಫಾರಂನಲ್ಲಿ ಹದಿನೈದನೇ ಪ್ರಶ್ನೆ ಖಾಲಿ ಇದೆಯಲ್ಲ?"

ಒಮ್ಮೆ ಮಾಡಿದ ತಪ್ಪು ಮತ್ತೆ ಮಾಡಬಾರದು. ಅಟೆನ್ಷನ್‌ನಲ್ಲಿ ನಿಂತು, "ಕೇಳ್ರಿ ಮೇಡಂ," ಅಂದೆ, ಶುದ್ಧ ಸ್ವಂತ ದನಿಯಲ್ಲಿ.

"ಈ ಕೆಲಸದಿಂದ ಹಣವಲ್ಲದೆ ಬೇರೇನಾದರೂ ಲಾಭ ಆಗಿದೆಯಾ?"

"ಆಗೈತ್ರಿ. ಒಬ್ಬರ ಪರಿಚಯ ಆತು."

"ಸ್ಪಷ್ಟವಾಗಿ ಹೇಳಿ. ಇದು ಸರ್ಕಾರಿ ದಾಖಲೆ."

"ಸಮೃದ್ಧಿ ಅಂತ್ರಿ. ನಿಮ್ಮ ಆಫೀಸಿನವರ. ಅವರಿಲ್ಲದ ಬಸ್ಸು ನನಗ ಖಾಲಿ ಡಬ್ಬಿ ಹಂಗ ಕಾಣತೈತ್ರಿ."

"ಆಕೆಗೆ ಇದು ಗೊತ್ತಾ?"

"ಇಲ್ರಿ. ಯಾವ ದನಿಯಾಗ ಹೇಳಬೇಕು ಅಂತ ತಿಳೀಲಿಲ್ಲ."

"ಈಗ ಯಾವುದರಲ್ಲಿ ಹೇಳ್ತಿದ್ದೀರಿ?"

"ನನ್ನದರಾಗ್ರಿ, ಮೇಡಂ."

ಅಷ್ಟರಲ್ಲಿ ಕಂಡಕ್ಟರ್ ಕೂಗಿದ, "ಬೆಳಗಾವಿ, ಬೆಳಗಾವಿ, ಬೆಳಗಾವಿ!" ನನ್ನ ಎಡಗಿವಿಗೆ ಬಸ್‌ಸ್ಟ್ಯಾಂಡಿನಿಂದ ಕೇಳಿತು. ಬಲಗಿವಿಗೆ ಫೋನಿನಿಂದ.

ತಿರುಗಿ ನೋಡಿದೆ. ಮೂರು ಹೆಜ್ಜೆ ದೂರದ ಕಂಬದ ಹಿಂದೆ ತಿಳಿಹಳದಿ ಓಢಣಿ. ಕಿವಿಗೆ ಫೋನು. ಮೇಲೆತ್ತಿದ ಮೂಗು ಇನ್ನೂ ಇಳಿದಿರಲಿಲ್ಲ.

"ಮೊದಲ ಸ್ವಂತ ದನಿಗೆ ಬಂದಾವ ಸೋತ," ಅಂದಳು ಬೆಲ್ಲದ ಚಹಾ. "ಭಜಿ ಕೊಡಸ್ರಿ."

"ನಾಲ್ಕು ದಿನ ಎಲ್ಲಿ ಹೋಗಿದ್ರಿ?"

"ಬೈಲಹೊಂಗಲದಾಗ ಡ್ಯೂಟಿ ಹಾಕಿದ್ರು. ಅಲ್ಲೇ ರೂಮಿನ್ಯಾಗ ಕನ್ನಡಿ ಮುಂದ ಪ್ರಾಕ್ಟೀಸ್ ಮಾಡೀನಿ. ಈಗ ಬಸ್ ಇಳದೆ, ನೀವು ನಿಂತದ್ದು ಕಂಡ್ತು."

ಚೀಲದಿಂದ ನನ್ನ ಫಾರಮ್ಮಿನ ಝೆರಾಕ್ಸ್ ತೆಗೆದು ಮುಂದೆ ಹಿಡಿದಳು. ಹದಿನೈದನೇ ಪ್ರಶ್ನೆಯ ಖಾಲಿ ಜಾಗದಲ್ಲಿ ದುಂಡಗಿನ ಅಕ್ಷರ, ಮೊದಲೇ ಬರೆದು ತಂದದ್ದು: 'ಉಭಯ ಪಕ್ಷದವರಿಗೂ ಆಗಿರುತ್ತದೆ.'

ಓದಿದೆ. ಇನ್ನೊಮ್ಮೆ ಓದಿದೆ. ಅವಳ ಕಿವಿ ಕೆಂಪಾದದ್ದು ಕಂಡಿತು. ಖರೇ ಫೋನನ್ನು ಚ್ಯಾಷ್ಟಿ ಅಂದವ, ಚ್ಯಾಷ್ಟಿ ಫೋನಿಗೆ ಅಟೆನ್ಷನ್‌ನಲ್ಲಿ ನಿಂತದ್ದು ನೆನಪಾಯಿತು. ಹೊಟ್ಟೆಯಿಂದ ನಗು ಎದ್ದಿತು. ಕಂಡಕ್ಟರ್ ನಕ್ಕ, ಬಾಳೆಹಣ್ಣಿನ ಬುಟ್ಟಿಯ ಅಜ್ಜಿ ಏನೂ ತಿಳಿಯದೆ ನಕ್ಕಳು, ಸಮೃದ್ಧಿ ಓಢಣಿಯಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಅವರೆಲ್ಲರ ನಗು ಮುಳುಗುವಷ್ಟು ಜೋರಾಗಿ, ಕಂಬ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವತನಕ ನಕ್ಕವ ನಾನು. ನನ್ನದೇ ದನಿಯಲ್ಲಿ.