ಹೊಳೆ ದಾಟದ ಹೆಲಿಕಾಪ್ಟರ್

ಮಧ್ಯಾಹ್ನ ಒಂದೂವರೆಗೆ ತಂತಿ ಮೇಸ್ತ್ರಿಯ ಹೆಂಡತಿ ಏದುಸಿರು ಬಿಡುತ್ತ ಸೂಜಿ ಚಿಕ್ಕಮ್ಮನ ಅಂಗಡಿಗೆ ನುಗ್ಗಿದಾಗ ಡ್ರಾಯಿಂಗ್ ಮಾಸ್ತರರು ಅಲ್ಲೇ ಊಟಕ್ಕೆ ಕೂತಿದ್ದರು. ಚಿಕ್ಕಮ್ಮ ಹೊಲಿಗೆ ಯಂತ್ರ ರಿಪೇರಿ ಮಾಡುವವಳು. ಬೀದಿಯಲ್ಲಿ ಏನು ಕಳೆದರೂ, ಏನು ಕೆಟ್ಟರೂ ಜನ ಮೊದಲು ಅವಳ ಬಾಗಿಲು ತಟ್ಟುತ್ತಿದ್ದರು. ಮಾಸ್ತರರು ಅವಳ ಮಹಡಿಯ ಬಾಡಿಗೆದಾರ. ಪತ್ತೇದಾರಿಗೆ ಹೊರಟಾಗಲೆಲ್ಲ ಅವಳ ಕೈಚೀಲ ಹೊರುವುದು ಅವರದೇ ಪಾಲು.

"ಹೆಲಿಕಾಪ್ಟರ್ ಏಳ್ತಿಲ್ಲ ಚಿಕ್ಕಮ್ಮ. ನಾಲ್ಕು ಗಂಟೆಗೆ ಗಾಳಿ ಶುರುವಾಗುತ್ತೆ. ಅಷ್ಟರಲ್ಲಿ ಅದು ನೂಲು ದಾಟಿಸದಿದ್ರೆ ನಮ್ಮನೆಯವರು ಹೊಳೆಗೆ ಅಡ್ಡ ಕಟ್ಟಿರೋ ಹಳೇ ಹಗ್ಗಕ್ಕೆ ಜೋತುಬಿದ್ದು ಹೋಗ್ತಾರಂತೆ."

ಹೊಳೆಯಾಚೆಗೆ ಕರೆಂಟಿನ ತಂತಿ ಎಳೆಯಲು ಮೊದಲು ತೆಳು ನೂಲೊಂದನ್ನು ದಾಟಿಸಬೇಕು. ನೂಲಿನ ಬೆನ್ನಿಗೆ ಹಗ್ಗ, ಹಗ್ಗದ ಬೆನ್ನಿಗೆ ತಂತಿ. ಹೋದ ವರ್ಷ ಹೀಗೇ ನೂಲು ಒಯ್ಯುವಾಗ ಮೇಸ್ತ್ರಿಯ ಅಣ್ಣ ಆ ಹಳೇ ಹಗ್ಗದಿಂದ ಬಿದ್ದು ತೀರಿಕೊಂಡಿದ್ದ. ಆಮೇಲೆಯೇ ಮೇಸ್ತ್ರಿಯ ಹೆಂಡತಿ ಆರು ತಿಂಗಳು ಕೂತು ರಿಮೋಟಿನ ಹೆಲಿಕಾಪ್ಟರ್ ಕಟ್ಟಿದ್ದು.

ಮೇಸ್ತ್ರಿಯ ಮನೆಯ ಹಿತ್ತಿಲು ಹೊಳೆಯ ದಡಕ್ಕೇ ಮುಗಿಯುತ್ತಿತ್ತು. ಮೇಸ್ತ್ರಿ ಆಗಲೇ ಸೊಂಟಕ್ಕೆ ಬೆಲ್ಟು ಬಿಗಿಯುತ್ತಿದ್ದ.

"ನಿನ್ನೆ ಸಂಜೆ ಚೆನ್ನಾಗಿ ಹಾರಿತ್ತು," ಎಂದ. "ಆಮೇಲೆ ಬ್ಯಾಟರಿ ಚಾರ್ಜಿಗೆ ಹಾಕಿದೋನು ಇವಳ ತಮ್ಮ. ನನ್ನ ಕೆಲಸದ ಮೇಲೆ ಅವನಿಗೆ ಕಣ್ಣು. ಬೇರೆ ಹೇಳ್ಬೇಕಾ?"

ತಮ್ಮನ ಮುಖ ಇಳಿದುಹೋಯಿತು. ಮೇಸ್ತ್ರಿಯ ತಾಯಿ ಬಾಗಿಲಲ್ಲಿ ಕೈ ಹಿಸುಕಿಕೊಳ್ಳುತ್ತ ನಿಂತಿದ್ದರು. ಪುಸ್ತಕ ಕಟ್ಟುವ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕಾಗದ ಕತ್ತರಿಸುವ ಯಂತ್ರ ನಡೆಸಿದ ಕೈ ಅದು.

"ಒಮ್ಮೆ ತಿರುಗಿಸಮ್ಮ," ಎಂದಳು ಚಿಕ್ಕಮ್ಮ ಮೇಸ್ತ್ರಿಯ ಹೆಂಡತಿಗೆ.

ರೆಕ್ಕೆಗಳು ಕಿವಿಗಡಚಿಕ್ಕುವಂತೆ ಗಿರ್ರೆಂದು ತಿರುಗಿದವು. ಹೆಲಿಕಾಪ್ಟರ್ ಮಾತ್ರ ಕೂತಲ್ಲೇ ಕೂತಿತ್ತು. ಚಿಕ್ಕಮ್ಮ ಹೇಳಿದಂತೆ ಮಾಸ್ತರರು ಕೋಲಿನ ತುದಿಗೆ ಚಿತ್ರದ ಹಾಳೆಯ ಚೂರು ಕಟ್ಟಿ, ರೆಕ್ಕೆಯ ಕೆಳಗೆ ಹಿಡಿದರು. ಹಾಳೆ ಅಲುಗಿದ್ದು ಅಷ್ಟಕ್ಕಷ್ಟೆ. ಯಂತ್ರ ನಿಂತ ಮೇಲೆ ಅವಳು ರೆಕ್ಕೆಯ ಮೇಲೆ ಬೆರಳಾಡಿಸಿ ಮೂಸಿದಳು. ನೀರು ಕುಡಿಯುವ ನೆಪದಲ್ಲಿ ಒಳಗೆ ಹೋಗಿ ಬಹಳ ಹೊತ್ತು ಬರಲೇ ಇಲ್ಲ. ಮೂರು ಗಂಟೆ ದಾಟಿತು. ಎದುರು ದಡದ ಎಲೆಗಳು ಅಲ್ಲಾಡತೊಡಗಿದವು.

ಕೊನೆಗೆ ಅವಳು ಎಲ್ಲರನ್ನೂ ಹೆಲಿಕಾಪ್ಟರಿನ ಸುತ್ತ ಕರೆದಳು.

"ಬ್ಯಾಟರಿ ಸೋತಿದ್ರೆ ಇಷ್ಟು ಜೋರಾಗಿ ತಿರುಗ್ತಿರಲಿಲ್ಲ. ಹಾಗಾಗಿ ತಮ್ಮನದೇನೂ ತಪ್ಪಿಲ್ಲ. ರೆಕ್ಕೆ ತಿರುಗುತ್ತೆ, ಆದ್ರೆ ಗಾಳಿ ಕೆಳಗೆ ಬರ್ತಿಲ್ಲ. ಅಂದ್ಮೇಲೆ ದೋಷ ರೆಕ್ಕೇದೇ. ನಿನ್ನೆ ಧೂಳಲ್ಲಿ ಹಾರಿದ್ದು ಇವತ್ತು ಫಳಫಳ ಅಂತಿದೆ, ಯಂತ್ರದ ಎಣ್ಣೆ ವಾಸನೆ ಬೇರೆ. ಒಳಗೆ ಮೇಸ್ತ್ರಿ ಅಮ್ಮನ ಗೂಡಲ್ಲಿ ಕತ್ತರಿ, ಚಾಕು ಎಲ್ಲಕ್ಕೂ ಅದೇ ಎಣ್ಣೆ. ಎಲ್ಲದರ ಹರಿತ ಅಂಚೂ ಮುಂದಕ್ಕೆ. ಈ ರೆಕ್ಕೇದೂ ಹಾಗೇ, ತೆಳು ಅಂಚು ಮುಂದಕ್ಕಿದೆ."

ತಾಯಿ ಒಂದು ಹೆಜ್ಜೆ ಮುಂದೆ ಬಂದರು. "ಬೆಳಿಗ್ಗೆ ಬಿಚ್ಚಿ ಒರೆಸಿದೆ. ಇವನು ಹಗ್ಗ ಹತ್ತಬಾರದು, ಇದಕ್ಕೆ ಏನೂ ಆಗಬಾರದು ಅಂತ. ತೆಳು ಅಂಚು ಹಿಂದಿತ್ತು, ಯಾರೋ ತಪ್ಪು ಹಾಕಿದಾರೆ ಅಂದ್ಕೊಂಡು ಮುಂದೆ ಮಾಡಿದೆ. ಮೂವತ್ತು ವರ್ಷ ಹಾಗೇ ಹಾಕಿದ್ದೀನಿ."

"ಕತ್ತರಿಸೋ ಅಲಗಿಗೆ ಅದು ಸರಿ. ಇದು ಗಾಳಿನ ಕೆಳಗೆ ತಳ್ಳಬೇಕು. ದುಂಡಂಚು ಮುಂದಿರಬೇಕು."

ಮೇಸ್ತ್ರಿಯ ಹೆಂಡತಿ ಹಣೆ ಹಿಡಿದುಕೊಂಡಳು. "ಮೋಟರು, ವೈರು, ರಿಮೋಟು ಎಲ್ಲ ಬಿಚ್ಚಿ ನೋಡಿದೆ. ರೆಕ್ಕೆ ನಾನೇ ಹಾಕಿದ್ದಲ್ವಾ ಅಂತ ಅದನ್ನೊಂದು ನೋಡಲಿಲ್ಲ."

ಮೇಸ್ತ್ರಿ ಭಾವಮೈದುನನ ಭುಜ ಮುಟ್ಟಿದ. "ತಪ್ಪಾಯ್ತು ಮಾರಾಯ," ಎಂದ.

ರೆಕ್ಕೆಗಳನ್ನು ತಾಯಿಯೇ ಮಗುಚಿ ಹಾಕಿದರು. ನಾಲ್ಕಕ್ಕೆ ಹತ್ತು ನಿಮಿಷವಿದ್ದಾಗ ಹೆಲಿಕಾಪ್ಟರ್ ನೆಲ ಬಿಟ್ಟಿತು, ನೂಲೆಳೆಯುತ್ತ ನೀರಿನ ಮೇಲೆ ಸಾಗಿತು. ಗಾಳಿಗೆ ಒಮ್ಮೆ ಓಲಾಡಿದಾಗ ಮಾಸ್ತರರು ಕಣ್ಣು ಮುಚ್ಚಿಕೊಂಡರು. ಕಣ್ಣು ತೆರೆದಾಗ ಆಚೆ ದಡದವರು ನೂಲು ಹಿಡಿದು ಕೈ ಬೀಸುತ್ತಿದ್ದರು.

ತಾಯಿ ಒಳಗೆ ಹೋಗಿ ಕಾಗದ ಕೊಯ್ಯುವ ದೊಡ್ಡ ಚಾಕು ತಂದರು. ನೇರವಾಗಿ ಹಳೇ ಹಗ್ಗ ಕಟ್ಟಿದ್ದ ಕಂಬಕ್ಕೆ ನಡೆದು, ಚಿಕ್ಕಮ್ಮನ ಕಡೆ ತಿರುಗಿದರು.

"ಇಲ್ಲಿ ಹರಿತ ಅಂಚೇ ಮುಂದೆ ತಾನೆ?"

"ಇಲ್ಲಿ ಹಾಗೇ," ಎಂದಳು ಚಿಕ್ಕಮ್ಮ.

ಯಾರೂ ಅವರನ್ನು ತಡೆಯಲಿಲ್ಲ. ಮೇಸ್ತ್ರಿ ಸೊಂಟದ ಬೆಲ್ಟು ಬಿಚ್ಚುವಷ್ಟರಲ್ಲಿ ಹಗ್ಗ ನೀರಿಗೆ ಬಿದ್ದಿತ್ತು.