ಟಗರಿನ ತಲೆ

ನನ್ನ ಬಲಗೈ ಪೇಪರ್ ಕಟಿಂಗ್ ಮಷೀನಿನ ಬ್ಲೇಡಿನ ಕೆಳಗಿತ್ತು.

ಕುಣಿಗಲ್ಲಿನ ಒಂದು ಹಳೇ ಪ್ರೆಸ್. ಮಧ್ಯಾಹ್ನ ಹನ್ನೆರಡು ಗಂಟೆ. ಹೊರಗೆ ಬಸ್ ಸ್ಟ್ಯಾಂಡಿನ ಗದ್ದಲ. ಒಳಗೆ ನಾನು, ಮತ್ತು ಗೋಣಿಮೂಟೆಯಂಥ ಮೈಯ ದೊಡ್ಡರಂಗಯ್ಯ. ಅವನ ಎಡಗೈ ನನ್ನ ಮಣಿಕಟ್ಟಿನ ಮೇಲೆ, ಬಲಗೈ ಮಷೀನಿನ ಲಿವರಿನ ಮೇಲೆ.

"ಸಿಡಿ ಎಲ್ಲೈತೆ ಹೇಳ್ಲಾ."

"ಯಾವ ಸಿಡಿ?"

ಬ್ಲೇಡು ಒಂದು ಅಂಗುಲ ಇಳಿಯಿತು.

"ಈ ಕೈಲಿ ಇನ್ನೊಂದ್ಸಲ ಅನ್ನ ಉಣ್ಬೇಕು ಅಂತ ಆಸೆ ಇಲ್ವಾ?"

ಆಗ ಅವನ ಜೇಬಿನಲ್ಲಿ ಮೊಬೈಲ್ ಹೊಡೆದುಕೊಂಡಿತು. ಅವನು ಕೆಳಗೆ ನೋಡಿದ. ಒಂದೇ ಕ್ಷಣ...

ಇಂಕು ತೊಳೆಯಲು ಇಟ್ಟಿದ್ದ ಸೀಮೆಎಣ್ಣೆಯ ಮಗ್ಗು ನನ್ನ ಎಡಗೈಗೆ ಸಿಕ್ಕಿತು. ಪೂರ್ತಿ ಅವನ ಕಣ್ಣಿಗೆ ಎರಚಿದೆ. ಅವನು ಕಿರುಚಿದ. ನಾನು ಕೈ ಎಳೆದುಕೊಂಡೆ. ಬ್ಲೇಡು ಬಿತ್ತು. ನನ್ನ ಶರ್ಟಿನ ಕಫ್ ಎರಡು ತುಂಡಾಯಿತು.

ಅವನ ಮೊಣಕಾಲಿಗೆ ಒಂದು ಒದೆ ಕೊಟ್ಟೆ. ಬಿದ್ದ. ಅವನ ಮೊಬೈಲೂ ಬಿತ್ತು, ಇನ್ನೂ ಹೊಡೆದುಕೊಳ್ಳುತ್ತಲೇ ಇತ್ತು. ಬಗ್ಗಿ ನಂಬರ್ ನೋಡಿದೆ.

ನನಗೆ ಕೆಲಸ ಕೊಟ್ಟವನ ನಂಬರ್!

ಇರಿ, ಮೊದಲಿಂದ ಹೇಳುತ್ತೇನೆ.

ನನ್ನ ಹೆಸರು ಜುಂಜಪ್ಪ. ಹನ್ನೆರಡು ವರ್ಷ ಪೊಲೀಸ್ ಕ್ರೈಮ್ ಸ್ಕ್ವಾಡಿನಲ್ಲಿದ್ದೆ. ಯಾರೋ ದೊಡ್ಡವರ ಮಗನ ಕಪಾಳಕ್ಕೆ ಬಾರಿಸಿ ಹೊರಗೆ ಬಂದೆ. ಆಮೇಲೆ ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಒಂದು ರೂಮು ಮಾಡಿದೆ. ಸ್ಟೇಷನ್ ಮೆಟ್ಟಿಲು ಹತ್ತಲಾರದವರು ನನ್ನ ಮೆಟ್ಟಿಲು ಹತ್ತುತ್ತಾರೆ.

2004ರ ಮಾರ್ಚ್‌ನಲ್ಲಿ ಗುರುಸಿದ್ದಯ್ಯ ಹತ್ತಿದ. ಒಂದು ಖಾಸಗಿ ಮಹಿಳಾ ಕಾಲೇಜಿನ ಸೆಕ್ರೆಟರಿ. ಇಸ್ತ್ರಿ ಕೆಡದ ಬಿಳಿ ಜುಬ್ಬ, ಬಾಯಿ ತುಂಬ ವಚನ. ಮೇಜಿನ ಮೇಲೆ ಒಂದು ಪ್ರಿಂಟೌಟ್ ಇಟ್ಟ.

ಕಾಲೇಜಿನ ವೆಬ್‌ಸೈಟ್. ಯಾರೋ ಹ್ಯಾಕ್ ಮಾಡಿದ್ದರು. ಫಿಸಿಕ್ಸ್ ಲೆಕ್ಚರರ್ ಶಾಂತಲಾ ಅವರ ಫೋಟೋ. ಮೈ ಅವರದು, ತಲೆ ಟಗರಿನದು. ಕೆಳಗೆ ಅವರು ತಂಗಿಗೆ ಬರೆದ ಇ-ಮೇಲ್. ನಾಲ್ಕನೇ ತಿಂಗಳಲ್ಲಿ ಹೋದ ಮಗು... ಅದಕ್ಕೆ ಗಂಡನ ಮನೆಯವರು ಆಡಿದ ಮಾತು... ಒಂದಕ್ಷರ ಬಿಡದೆ ಹಾಕಿದ್ದರು.

ಅದರ ಕೆಳಗೆ ಕೆಂಪು ಅಕ್ಷರ: "ದಕ್ಷನ ಅಹಂಕಾರಕ್ಕೆ ಇದೇ ಶಿಕ್ಷೆ. ವೀರಭದ್ರ ಪಡೆ."

ಮೂರು ಸಾಲಿಗಿಂತ ಮುಂದೆ ಓದಲಾಗಲಿಲ್ಲ. ಕಾಗದ ಮಗುಚಿ ಹಾಕಿದೆ.

"ಯಾವುದೋ ಹ್ಯಾಕರ್ ಗ್ಯಾಂಗು," ಅಂದ ಗುರುಸಿದ್ದಯ್ಯ. "ಅವರ ಹತ್ರ ಒಂದು ಸಿಡಿ ಇದೆಯಂತೆ. ಅದು ನನ್ನ ಕೈಗೆ ಬರಬೇಕು. ಪೊಲೀಸು ಗಿಲೀಸು ಬೇಡ. ಹೆಣ್ಮಗಳ ಮಾನದ ಪ್ರಶ್ನೆ ನೋಡಿ."

ಸೋಮೇಶ್ವರಪುರದಲ್ಲಿ ಶಾಂತಲಾ ಅವರ ಮನೆಗೆ ಹೋದೆ. ಬಾಗಿಲು ಅರ್ಧ ಮಾತ್ರ ತೆರೆದರು.

"ಸ್ಟಾಫ್ ರೂಮಲ್ಲಿ ಏನಂದ್ರು ಗೊತ್ತಾ? ದೇವರೇ ತೋರಿಸಿಕೊಟ್ಟ ಅಂದ್ರು. ಯಾರೋ ಕಳ್ಳ ನನ್ನ ಕಾಗದ ಕದ್ದಿದಾನೆ ಅಂತ ಒಬ್ರೂ ಅನ್ನಲಿಲ್ಲ. ಆ ಹೆಸರು ನೋಡಿ ಒಬ್ಬರು ಕಂಪ್ಯೂಟರಿಗೇ ಕೈ ಮುಗಿದ್ರು."

"ನಿಮಗೆ ಯಾರ ಮೇಲಾದ್ರೂ ಅನುಮಾನ..."

"ನಿಮ್ಮನ್ನ ಕಳಿಸಿದ್ದು ಸೆಕ್ರೆಟರಿ ಅಲ್ವಾ?"

"ಹೌದಮ್ಮ."

"ಹಾಗಿದ್ರೆ ನಾನೇನೂ ಹೇಳಲ್ಲ."

ಬಾಗಿಲು ಮುಚ್ಚಿತು. ಆಗಲೇ ನನಗೆ ಅರ್ಥವಾಗಬೇಕಿತ್ತು.

ರೂಮಿಗೆ ಬಂದು ಆ ಫೋಟೋ ಭೂತಗನ್ನಡಿಯಲ್ಲಿ ನೋಡಿದೆ. ಟಗರಿನ ಬಲಗೊಂಬಿಗೆ ತಂತಿ ಸುತ್ತಿತ್ತು. ಒಂದು ಕಿವಿಗೆ ಬಟ್ಟೆಯ ತೇಪೆ. ಅದು ಜೀವದ ಟಗರಲ್ಲ, ಕಾಗದ ಅರೆದು ಮಾಡಿದ ನಾಟಕದ ಮುಖವಾಡ. ನಮ್ಮ ಜಿಲ್ಲೆಯಲ್ಲಿ ನಾಟಕ ಅಂದರೆ ಮೊದಲು ಹೋಗಬೇಕಾದ ಊರು ಒಂದೇ.

ಗುಬ್ಬಿಯಲ್ಲಿ ಹೊನ್ನಯ್ಯನ ಅಂಗಡಿ. ನಾಟಕದ ಕಿರೀಟ, ಗದೆ, ಗಡ್ಡ ಬಾಡಿಗೆಗೆ ಕೊಡುವವನು. ಫೋಟೋ ನೋಡಿದೊಡನೆ ಮುದುಕ ನಕ್ಕ.

"ಇದು ನಮ್ದೇ ಕಣಪ್ಪ. ದಕ್ಷಯಜ್ಞ ಆಡೋರಿಗೆ, ತಲೆ ಹೋದ ದಕ್ಷನಿಗೆ ಇಡಕ್ಕೆ ಕೊಡ್ತಿದ್ದೆ. ಈ ತಂತಿ ನಾನೇ ಸುತ್ತಿದ್ದು."

"ಯಾರು ತಗೊಂಡ್ ಹೋದ್ರು?"

"ನಮ್ಮ ಕದರಯ್ಯನ ಮಗ ಕಾಂತೇಶ. ಫೋಟೋ ತಕ್ಕಂಡು ಕೊಡ್ತೀನಿ ಅಂದ. ಕುಣಿಗಲ್ಲಲ್ಲಿ ಪ್ರೆಸ್ ಮೇಲೆ ಕಂಪ್ಯೂಟರ್ ಅಂಗಡಿ ಇಟ್ಟವ್ನೆ. ಅವರಪ್ಪ ವೀರಭದ್ರನ ಪಾರ್ಟ್ ಮಾಡ್ತಿದ್ದ. ಖಡ್ಗ ಎತ್ತಿದ್ರೆ ಮುಂದಿನ ಸಾಲಿನೋರು ಹಿಂದಕ್ ಸರೀತಿದ್ರು."

ಆಮೇಲೆ ಟಗರಿನ ಕೆಳಗಿದ್ದ ಸೀರೆ ಅವನ ಕಣ್ಣಿಗೆ ಬಿತ್ತು. ವಿಷಯ ಹೇಳಿದೆ. ಅವನ ನಗು ನಿಂತಿತು.

"ಸತಿಗಾದ ಅವಮಾನ ತಡೀಲಾರ್ದೆ ಶಿವ ಜಡೆ ಕಿತ್ತು ಬಡಿದ. ಅದ್ರಿಂದ ಹುಟ್ಟಿದವ್ನು ವೀರಭದ್ರ. ಹೆಣ್ಣಿನ ಸಂಕಟಕ್ಕೆ ಹುಟ್ಟಿದವ್ನು. ಅವ್ನ ಹೆಸ್ರು ಹೇಳ್ಕಂಡು ಹೆಣ್ಮಗಳಿಗೇ ಈ ತಲೆ ಹಾಕವ್ರಾ? ಥೂ."

ಅವನು ಅಂಗಡಿಯ ಹೊರಗೆ ಹೋಗಿ ನಿಜವಾಗಿಯೂ ಉಗಿದು ಬಂದ.

ನಾನು ಒಂದು ತಪ್ಪು ಮಾಡಿದೆ. ಎಸ್‌ಟಿಡಿ ಬೂತಿನಿಂದ ಗುರುಸಿದ್ದಯ್ಯನಿಗೆ ಫೋನ್ ಮಾಡಿ, ಆಸಾಮಿ ಕುಣಿಗಲ್ಲಿನ ಪ್ರೆಸ್ಸಿನ ಮೇಲಿದ್ದಾನೆ ಎಂದು ಹೇಳಿಬಿಟ್ಟೆ. ಮಾರನೇ ದಿನ ನಾನು ಹೋಗುವಷ್ಟರಲ್ಲಿ ಕಾಂತೇಶನ ಅಂಗಡಿಗೆ ಬೀಗ ಬಿದ್ದಿತ್ತು. ಕೆಳಗೆ ಪ್ರೆಸ್ಸಿನಲ್ಲಿ ಗುರುಸಿದ್ದಯ್ಯನ ಆಳು ದೊಡ್ಡರಂಗಯ್ಯ ಕಾದಿದ್ದ. ಸಿಡಿ ನನಗೆ ಮೊದಲೇ ಸಿಕ್ಕಿದೆ ಎಂದು ಅವನ ಲೆಕ್ಕಾಚಾರ.

ಉಳಿದದ್ದು ನಿಮಗೆ ಗೊತ್ತು.

ಕಾಗದದ ರೀಮುಗಳ ಹಿಂದೆ ಪ್ರೆಸ್ಸಿನ ಒಡತಿ ನರಸಿಂಹಮ್ಮ ಅಡಗಿ ನಿಂತಿದ್ದಳು.

"ಕಾಂತೇಶ ಎಲ್ಲಮ್ಮ?"

"ಬೆಳಗ್ಗೇನೇ ಯಡಿಯೂರಿಗೆ ಹೋದ ಕಣಪ್ಪ. ಜೀವಕ್ಕೆ ಹೆದರ್ಕೊಂಡಿದ್ದ. ದೇವಸ್ಥಾನದಲ್ಲೇ ಇರ್ತೀನಿ ಅಂದ. ನೀನು ಹೊಂಟೋಗು, ಹೊರಗೆ ಜೀಪಲ್ಲಿ ಇನ್ನಿಬ್ರು ಅವ್ರೆ."

ಹಿಂಬಾಗಿಲಿನಿಂದ ಓಡಿ ಬೈಕ್ ಹತ್ತಿದೆ. ಹಾಸನ ರಸ್ತೆ. ಮೂರನೇ ಕಿಲೋಮೀಟರಿಗೆ ಕನ್ನಡಿಯಲ್ಲಿ ಜೀಪು ಕಂಡಿತು. ಆರನೆಯದಕ್ಕೆ ಅದರ ಬಂಪರ್ ನನ್ನ ಹಿಂದಿನ ಚಕ್ರ ಮುಟ್ಟಿತು. ಬೈಕ್ ಓಲಾಡಿತು. ಎದುರಿಗೆ ಎಳನೀರು ತುಂಬಿದ ಲಾರಿ... ಅದರ ಮೂತಿಗೆ ಒಂದು ಗೇಣು ಇರುವಾಗ ಎಡಕ್ಕೆ ತಿರುಗಿಸಿ ಕೆರೆ ಏರಿಯ ಕಾಲುದಾರಿಗೆ ನುಗ್ಗಿದೆ. ಜೀಪೂ ತಿರುಗಿತು. ಆ ದಾರಿ ಒಂದು ಬೈಕಿಗಷ್ಟೇ ಸಾಕಾಗುತ್ತಿತ್ತು. ಹಿಂದೆ ದಡಾರೆಂದು ಶಬ್ದ. ತಿರುಗಿ ನೋಡಿದರೆ ಜೀಪು ಕೆರೆಯ ಕೆಸರಿನಲ್ಲಿ ಎಮ್ಮೆಗಳ ಪಕ್ಕ ಮಲಗಿತ್ತು. ಇಬ್ಬರೂ ಬೈಯುತ್ತಿದ್ದರು. ಬದುಕಿದ್ದರು ಅನ್ನಿ.

ಯಡಿಯೂರಿನಲ್ಲಿ ಭಕ್ತರ ಊಟದ ಪಂಕ್ತಿ ನಡೆಯುತ್ತಿತ್ತು. ಕಾಂತೇಶ ಮೂಲೆಯಲ್ಲಿ ಕೂತು ಅನ್ನಸಾರು ಕಲಸುತ್ತಿದ್ದ. ಮೂವತ್ತರ ಆಸುಪಾಸು, ತೆಳ್ಳಗಿನ ಕತ್ತು, ದಪ್ಪ ಕನ್ನಡಕ. ಪಕ್ಕದಲ್ಲಿ ಕೂತೆ.

"ವೀರಭದ್ರ ಪಡೆ ನೀನೇನಾ?"

ತುತ್ತು ಕೈಯಲ್ಲೇ ನಿಂತಿತು. "...ಹೌದು ಸಾರ್."

"ಪಡೇಲಿ ಎಷ್ಟು ಜನ?"

"ನಾನೊಬ್ನೇ ಸಾರ್."

"ದೇವರ ಹೆಸರು ಯಾಕೋ?"

"ಕಾಂತೇಶ ಅಂತ ಹಾಕಿದ್ರೆ ಯಾರು ಹೆದರ್ತಾರೆ ಸಾರ್? ಹೊರದೇಶದೋರು ದೆವ್ವದ ಹೆಸ್ರು, ಹಾವಿನ ಹೆಸ್ರು ಇಟ್ಕೋತಾರೆ. ನಮ್ಮಲ್ಲಿ ದೆವ್ವ ಅಂದ್ರೆ ಹುಡುಕ್ಕೊಂಡ್ ಬಂದು ಹೊಡೀತಾರೆ. ದೇವ್ರು ಅಂದ್ರೆ ಕೈ ಮುಗ್ದು ಸುಮ್ನಾಗ್ತಾರೆ."

ಹೇಳುವಾಗ ಅವನ ದನಿಯಲ್ಲಿ ಸಣ್ಣ ಹೆಮ್ಮೆಯಿತ್ತು.

"ಮಾಡ್ಸಿದ್ದು ಯಾರು?"

"ಸೆಕ್ರೆಟರಿ ಸಾರ್. ಚೇಂಬರಿಗೆ ಕರ್ದು ಕೈ ಹಿಡಿದ್ರು ಅಂತ ಶಾಂತಲಾ ಮೇಡಂ ಕಮಿಟಿಗೆ ಕಂಪ್ಲೇಂಟ್ ಬರ್ದಿದ್ರು. ಮಾನ ಹೋದ್ರೆ ತಾನಾಗೇ ವಾಪಸ್ ತಗೋತಾಳೆ ಅಂದ್ರು. ಕಾಲೇಜಿನ ಕಂಪ್ಯೂಟರ್ ರಿಪೇರಿ ಎಲ್ಲ ನಂದೇ. ಮೇಡಂ ಟೈಪ್ ಮಾಡಿದ್ದೆಲ್ಲ ಕದ್ದು ಬರ್ಕೊಳ್ಳೋ ಪ್ರೋಗ್ರಾಂ ಹಾಕ್ದೆ. ಆಮೇಲೆ ನನ್ನ ಬುಡಕ್ಕೇ ಬಂದ್ರೆ ಅಂತ ಸೆಕ್ರೆಟರಿ ಕಳ್ಸಿದ ಮೇಲ್‌ಗಳ್ನೂ ಸಿಡಿಗೆ ಇಳಿಸ್ಕೊಂಡೆ. ಅದು ಅವ್ರಿಗೆ ಗೊತ್ತಾಯ್ತು. ಆಮೇಲೆ ನಾನು ಕಾಲೇಜ್ ಕಡೆ ಹೋಗ್ಲಿಲ್ಲ, ಕುಣಿಗಲ್ ಅಂಗಡಿ ಅವ್ರಿಗೆ ಗೊತ್ತಿರ್ಲಿಲ್ಲ, ಅದಕ್ಕೇ ಹುಡುಕಿಸ್ತಿದ್ರು."

ಬನಿಯನ್ನಿನೊಳಗಿಂದ ಸಿಡಿ ತೆಗೆದು ಕೊಟ್ಟ. ಬೆವರಿಗೆ ಒದ್ದೆಯಾಗಿತ್ತು.

ನಾನು ಅವನಿಗೆ ಹೊಡೆಯಲಿಲ್ಲ. ಕರುಣೆಯಿಂದಲ್ಲ. ಮುಟ್ಟಲು ಅಸಹ್ಯವಾಯಿತು.

ಅವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಮತ್ತೆ ಸೋಮೇಶ್ವರಪುರಕ್ಕೆ ಬಂದೆ. ಅವನನ್ನು ಗೇಟಿನಲ್ಲೇ ನಿಲ್ಲಿಸಿ, ಶಾಂತಲಾ ಅವರ ಕೈಗೆ ಸಿಡಿ ಕೊಟ್ಟೆ. ನಡೆದದ್ದು ಹೇಳಿದೆ. ಅವರು ಸಿಡಿಯನ್ನು ತಿರುಗಿಸಿ ನೋಡಿದರು.

"ಇದರಲ್ಲಿ ನನ್ನ ಕಾಗದಾನೂ ಇದೆಯಾ?"

"ಇದೆಯಮ್ಮ."

"ಪೊಲೀಸರು ಓದ್ತಾರೆ. ಕೋರ್ಟಲ್ಲಿ ವಕೀಲರು ಓದ್ತಾರೆ."

"ಓದ್ತಾರೆ. ಬೇಡ ಅಂದ್ರೆ ಈಗ್ಲೇ ಮುರಿದು ಹಾಕ್ತೀನಿ. ಯಾರಿಗೂ ಹೇಳಲ್ಲ."

ಅವರು ಗೇಟಿನ ಕಡೆ ನೋಡಿದರು. ಕಾಂತೇಶ ತಲೆ ಬಗ್ಗಿಸಿದ. ಅವರು ಒಳಗೆ ಹೋಗಿ ಚಪ್ಪಲಿ ಮೆಟ್ಟಿ ಬಂದರು.

"ಊರೆಲ್ಲ ಓದಿ ಆಯ್ತು. ಸ್ಟೇಷನ್ ಒಂದು ಯಾಕೆ ಬಾಕಿ? ನಡೀರಿ."

ಸಂಜೆ ಐದಕ್ಕೆ ಪೊಲೀಸರು ಗುರುಸಿದ್ದಯ್ಯನನ್ನು ಅವನ ಚೇಂಬರಿನಿಂದಲೇ ಸ್ಟೇಷನ್ನಿಗೆ ಎಬ್ಬಿಸಿಕೊಂಡು ಬಂದರು. ಶಾಂತಲಾ ಅವರನ್ನು ನೋಡಿ ಅವನು ಕೈ ಮುಗಿದ. ಅವರು ಕುರ್ಚಿಯಿಂದ ಏಳಲಿಲ್ಲ. ಅವನು ನನ್ನ ಕಡೆ ತಿರುಗಿದ.

"ಜುಂಜಪ್ಪ, ನಿನ್ನನ್ನ ಆ ವೀರಭದ್ರಸ್ವಾಮಿ ನೋಡ್ಕೋತಾನೆ."

"ನೋಡಿಯಾಯ್ತು ಸ್ವಾಮಿ. ಇಲ್ಲಿಗೆ ತಂದು ಕೂರಿಸಿದಾನೆ."

ಇನ್ಸ್‌ಪೆಕ್ಟರ್ ಹನುಮಂತರಾಜು ನನ್ನ ಹಳೇ ಸಾಹೇಬರು. ಎಫ್‌ಐಆರ್ ಬರೆಯುತ್ತ ಪೆನ್ನು ಎತ್ತಿದರು.

"ಎರಡನೇ ಆರೋಪಿ ಹೆಸರು ವೀರಭದ್ರ ಅಂತ ಬರೀಲೇನ್ರಿ?"

"ಬೇಡ ಸಾರ್. ಪಾಪ, ಆ ದೇವರಿಗೂ ಇದಕ್ಕೂ ಸಂಬಂಧ ಇಲ್ಲ. ಕಾಂತೇಶ ಅಂತ ಬರೀರಿ."

"ಕಾಂತೇಶ ಅಂದ್ರೂ ಆಂಜನೇಯನೇ ಅಲ್ವೇನ್ರಿ?"

"ಹೌದು ಸಾರ್. ಏನ್ ಮಾಡೋದು... ಈ ಜಿಲ್ಲೇಲಿ ದೇವರ ಹೆಸರಿಲ್ಲದ ಕಳ್ಳ ಒಬ್ನೂ ನನ್ನ ಕೈಗಿನ್ನೂ ಸಿಕ್ಕಿಲ್ಲ."