ಪೊಂಪೇಯಿಯ ಗೋಡೆ, ದಿವಾದ ಗೌಂಡಿ

"ತಪ್ಪದ ರೀ ಅದು! ಆ ಗ್ವಾಡಿ ಒಬ್ಬರು ಕಟ್ಟಿದ್ದಲ್ಲ!"

ಕೊನೆಯ ಬೆಂಚಿನಿಂದ ಬಂದ ಕನ್ನಡ ಕೇಳಿ ಸಂಜನಾ ಬೆಚ್ಚಿಬಿದ್ದಳು. ನವಿ ಮುಂಬಯಿಯ ಪುರಾತತ್ವ ತರಗತಿಯಲ್ಲಿ ಕನ್ನಡವೇ? ಸ್ಲೈಡ್ ಸಿಕ್ಕಿಕೊಂಡಾಗ ತಾನು "ಅಯ್ಯೋ ಕರ್ಮ" ಅಂದದ್ದನ್ನು ಕೇಳಿಸಿಕೊಂಡಿರಬೇಕು ಈ ಪುಣ್ಯಾತ್ಮ!

ಪರದೆಯ ಮೇಲೆ ಪ್ರಾಚೀನ ರೋಮನ್ ನಗರ ಪೊಂಪೇಯಿಯ ಬೀದಿಯಿತ್ತು. ಜ್ವಾಲಾಮುಖಿಯ ಬೂದಿಯಲ್ಲಿ ಮುಳುಗುವ ಹದಿನೇಳು ವರ್ಷ ಮೊದಲು ಆ ಊರು ಭೂಕಂಪಕ್ಕೆ ಸಿಕ್ಕಿತ್ತು. ಬಿದ್ದದ್ದನ್ನು ಜನ ಮತ್ತೆ ಕಟ್ಟಿಕೊಂಡಿದ್ದರು. ಈ ಗೋಡೆಯನ್ನು ನುರಿತ ಕೆಲಸಗಾರನೊಬ್ಬನೇ ಎಬ್ಬಿಸಿದ್ದಾನೆ ಎಂದು ಸಂಜನಾ ಸಹಪಾಠಿಗಳಿಗೆ ಈಗಷ್ಟೇ ಗತ್ತಿನಿಂದ ಹೇಳಿ ಮುಗಿಸಿದ್ದಳು.

"ನಿಮಗೆ ಹೇಗೆ ಗೊತ್ತು?" ಎಂದಳು, ಮುಖ ಕೆಂಪಾಗಿಸಿಕೊಂಡು.

"ಎಡಗಡಿ ಕಲ್ಲಿನ ಸಾಲು ಒಂದು ಮಟ್ಟ, ಬಲಗಡಿ ಇನ್ನೊಂದು. ನಡುವ ಹೆಂಚಿನ ಚೂರು ತುಂಬ್ಯಾರ. ಇಬ್ಬರು ಎರಡೂ ಕಡಿಂದ ಕಟ್ಟಿಕೋತ ಬಂದಾರ, ನೋಡ್ರಿ."

ನೋಡಿದಳು. ಹೌದಲ್ಲ... ಆರು ತಿಂಗಳಿಂದ ಕಣ್ಣು ಕೀಲಿಸಿ ಕುಳಿತರೂ ಕಾಣದ್ದು ಇವನಿಗೆ ಒಂದೇ ನೋಟಕ್ಕೆ ಕಂಡಿತ್ತು!

ಅವನ ಹೆಸರು ಆಕಾಶ. ಮನೆ ಮುಂಬಯಿ ಹೊರವಲಯದ ದಿವಾದಲ್ಲಿ, ಮೂಲ ಕಲಬುರಗಿ. ಸಂಜನಾಳದ್ದು ಡೊಂಬಿವಲಿ. ಅಲ್ಲಿ ಅವಳ ಅಪ್ಪ ಮಧ್ವರಾಜರ ಉಡುಪಿ ಹೋಟೆಲ್ ಇತ್ತು. ಲೋಕಲ್ ರೈಲಿನ ಬೇರೆ ಬೇರೆ ಡಬ್ಬಿಗಳಲ್ಲಿ ನುಜ್ಜುಗುಜ್ಜಾಗಿ ಬಂದು, ಠಾಣೆ ಸ್ಟೇಷನ್ನಿನಲ್ಲಿ ಇಳಿದು, ನವಿ ಮುಂಬಯಿ ಗಾಡಿಯ ಹತ್ತನೇ ಪ್ಲಾಟ್‌ಫಾರ್ಮಿನಲ್ಲಿ ಒಬ್ಬರಿಗೊಬ್ಬರು ಕಾಯುವುದು ಯಾವಾಗ ಶುರುವಾಯಿತೋ ಇಬ್ಬರಿಗೂ ತಿಳಿಯಲಿಲ್ಲ. ಅವನು ತಡಮಾಡಿದ ದಿನ ಅವಳು ಬೇಕೆಂದೇ ಎರಡು ಗಾಡಿ ಬಿಡುತ್ತಿದ್ದಳು.

ಒಂದು ಸಂಜೆ ಅವನೇ ಹೇಳಿದ.

"ಸೂಟಿ ಇದ್ದಾಗ ನಾ ಅಪ್ಪನ ಕೂಡ ಗೌಂಡಿ ಕೆಲಸಕ್ಕ ಹೋಗ್ತೀನ್ರಿ. ಗ್ವಾಡಿ ಅದಕ್ಕೇ ತಿಳೀತದ. ಕ್ಲಾಸಿನಾಗ ಯಾರಿಗೂ ಹೇಳಬ್ಯಾಡ್ರಿ... ನಗ್ತಾರ."

"ಎಂತಕ್ಕೆ ಹೇಳ್ಲಿ ಮಾರಾಯ? ನನ್ನ ಮೇಲೆ ನಂಬಿಕೆ ಉಂಟಲ್ಲ?"

"ಅದ ರೀ," ಎಂದ ಅವನು. ಆ ರಾತ್ರಿ ಅವಳಿಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಆ ಮಾತು ಉಳಿಸಿಕೊಳ್ಳಲು ಹೋಗಿಯೇ ಅವಳು ಎಡವಟ್ಟು ಮಾಡಿಕೊಂಡಳು! ಇಬ್ಬರು ಕಟ್ಟಿದ ಆ ಗೋಡೆಯ ಬಗ್ಗೆ ಪ್ರಬಂಧ ಬರೆದಾಗ, ಆಕಾಶನ ಹೆಸರು ಹಾಕಿದರೆ 'ಅವನಿಗೆ ಹೇಗೆ ಗೊತ್ತು?' ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ ಅನ್ನಿಸಿತು. ಹಾಗಾಗಿ 'ಅನುಭವಿ ಗೌಂಡಿಯೊಬ್ಬರು ತಿಳಿಸಿದಂತೆ' ಎಂದಷ್ಟೇ ಬರೆದಳು. ತರಗತಿಯಲ್ಲಿ ಓದಿದಾಗ ಯಾರೋ ಕಿಸಕ್ಕನೆ ನಕ್ಕರು.

ಆಕಾಶ ಎದ್ದು ಹೊರಗೆ ಹೋದ. ಅವಳು ಹಿಂದೆಯೇ ಹೊರಟು, ಠಾಣೆ ಸ್ಟೇಷನ್ನಿನಲ್ಲಿ ಓಡಿ ಬಂದು ಅವನನ್ನು ತಡೆದಳು.

"ಆಕಾಶ, ಒಂದು ನಿಮಿಷ..."

"ನನ್ನ ಹೆಸರು ಬರೀಲಾಕ ನಿಮಗ ಕೈ ಬರಲಿಲ್ಲೇನ್ರಿ? ಕ್ಲಾಸ್‌ಮೇಟ್ ಅಂತ ಬರದಿದ್ರ ಸಾಕಾಗ್ತಿತ್ತು. ಹೋಟೆಲ್ ಮಾಲಕರ ಮಗಳಿಗೆ ನಾ ಬರೀ ಗೌಂಡಿ... ತಿಳೀತು ಬಿಡ್ರಿ."

"ನೀವೇ ಅಲ್ವಾ..." ಎನ್ನುವಷ್ಟರಲ್ಲಿ ಅವನು ಗುಂಪಿನಲ್ಲಿ ಮಾಯವಾಗಿದ್ದ.

ಹನ್ನೆರಡು ದಿನ ಅವನು ಕಾಲೇಜಿಗೂ ಬರಲಿಲ್ಲ, ಫೋನೂ ಎತ್ತಲಿಲ್ಲ. ಸಂಜನಾಗೆ ಸಿಟ್ಟು, ಅಳು ಎರಡೂ ಒಟ್ಟಿಗೇ ಬರುತ್ತಿದ್ದವು. ಹದಿಮೂರನೆಯ ದಿನ, ಶನಿವಾರ, ಪುರಾತತ್ವ ಕಲಿಸುವ ಕಾಂಚನಾ ಮೇಡಂ ಕರೆದರು. ಪ್ರಬಂಧ ದೊಡ್ಡ ವಿಚಾರಸಂಕಿರಣಕ್ಕೆ ಆಯ್ಕೆಯಾಗಿತ್ತು, ಸೋಮವಾರದೊಳಗೆ ಲೇಖಕರ ಹೆಸರು ಕೊಡಬೇಕಿತ್ತು.

'ಅವನಿಲ್ಲದೆ ಈ ಪ್ರಬಂಧ ಬೇಡ. ಅವನಿಲ್ಲದೆ... ನನಗೆ ಯಾವುದೂ ಬೇಡ!'

ಭಾನುವಾರ ಡೊಂಬಿವಲಿಯ ಪಕ್ಕದ ಸ್ಟೇಷನ್ ಠಾಕುರ್ಲಿಯಲ್ಲಿ ಇಳಿದಳು. ಸ್ಟೇಷನ್ ಹಿಂದಿನ ಹೊಸ ಬಿಲ್ಡಿಂಗಿನಲ್ಲಿ ಕೆಲಸ ಎಂದು ಅವನು ಹಿಂದೊಮ್ಮೆ ಹೇಳಿದ್ದ. ಎರಡನೇ ಮಾಳಿಗೆಯಲ್ಲಿ ಆಕಾಶ ತಲೆಗೆ ಟವೆಲ್ ಸುತ್ತಿ ಇಟ್ಟಿಗೆ ಇಡುತ್ತಿದ್ದ. ಪಕ್ಕದಲ್ಲಿ ಅವನ ಅಪ್ಪ ಮಾಪಣ್ಣ.

ಅವಳನ್ನು ಕಂಡದ್ದೇ ಆಕಾಶ ಮುಖ ತಿರುಗಿಸಿದ.

"ಯಾರವ್ವಾ ನೀನು?" ಎಂದರು ಮಾಪಣ್ಣ.

"ಸಂಜನಾ ಅಂತ. ಆಕಾಶನ ಜೊತೆ ಓದುವುದು."

"ಓಹೋ! ಹೆಸರು ಬಿಟ್ಟು ಬರದಾಕಿ ನೀನೇ ಏನು? ಮೊದಲ ಎರಡು ದಿನ ರೊಟ್ಟಿ ಮುಟ್ಟಲಿಲ್ಲ ಇಂವ. ಯಾಕ್ ಬಿಟ್ಟೆವ್ವಾ?"

ಸಂಜನಾ ಆಕಾಶನನ್ನು ನೋಡಿದಳು. 'ನೀನೇ ಮುಚ್ಚಿಡು ಅಂದದ್ದು' ಎಂಬ ಒಂದು ಮಾತು ಸಾಕಿತ್ತು. ಆದರೆ ಆ ಮಾತು ಹೋಗಿ ತಾಗುವುದು ಈ ಮುದುಕರಿಗೆ. ತನ್ನ ಕಸುಬನ್ನು ಮಗ ಮುಚ್ಚಿಟ್ಟ ಎಂದು ಯಾವ ಅಪ್ಪನಾದರೂ ಕೇಳಬೇಕೇ?

"ನನ್ನದೇ ತಪ್ಪು," ಎಂದಳು. ಕಣ್ಣು ತುಂಬಿ ಬಂತು. "ಕ್ಷಮಿಸಿ."

ಆಕಾಶನ ಕೈಯಿಂದ ಸಿಮೆಂಟ್ ಹಚ್ಚುವ ಕರಣೆ ಜಾರಿ ಬಿತ್ತು. ಅವಳು ಹೆಸರು ಬಿಟ್ಟದ್ದು ತನ್ನ ಗುಟ್ಟು ಕಾಯಲೆಂದು ಅವನಿಗೆ ಈಗ ಅರ್ಥವಾಗಿತ್ತು.

"ಸುಳ್ಳು ಹೇಳ್ಲಾಕತ್ತಾಳಪ್ಪ... ನಾನೇ ಯಾರಿಗೂ ಹೇಳಬ್ಯಾಡ ಅಂದಿದ್ದೆ. ಗೌಂಡಿ ಅಂತ ಹೇಳಲಾಕ... ನನಗ ನಾಚಿಕಿ ಆಗಿತ್ತು."

ಮಾಪಣ್ಣ ಕೈಯಲ್ಲಿದ್ದ ಇಟ್ಟಿಗೆಯನ್ನು ಸಾಲಿನಲ್ಲಿ ಇಟ್ಟರು. ಆಮೇಲೆ ಕೈ ಒರೆಸಿಕೊಂಡರು.

"ಆಯ್ತೇಳು. ಹೇಳಿದ್ಯಲ್ಲ, ಮುಗೀತು. ಹುಡುಗಿ ಬಿಸಿಲಾಗ ಬಂದಾಳ, ಚಾ ತರ್ತೀನಿ." ಬಿಲ್ಡಿಂಗಿನ ಎದುರಿಗೇ ಚಹಾ ಗೂಡಂಗಡಿ ಇದ್ದರೂ ಅವರು ದೂರದ ಟಪರಿಗೆ ನಡೆದರು.

"ನನ್ನ ಮ್ಯಾಗ ಸಿಟ್ಟಿಲ್ಲೇನ್ರಿ?" ಆಕಾಶ ಮೆಲ್ಲಗೆ ಕೇಳಿದ.

"ಉಂಟು. ತುಂಬಾ ಉಂಟು! ಹನ್ನೆರಡು ದಿನ ಫೋನ್ ಎತ್ತಲಿಲ್ಲ ಅಲ್ವಾ? ನಾನು ಎಷ್ಟು ಅತ್ತೆ ಗೊತ್ತುಂಟಾ?"

"ಮಾಫ್ ಮಾಡ್ರಿ..."

"ನಮ್ಮ ಪ್ರಬಂಧ ವಿಚಾರಸಂಕಿರಣಕ್ಕೆ ಆಯ್ಕೆ ಆಗಿದೆ, ನಾಳೆ ಲೇಖಕರ ಹೆಸರು ಕೊಡ್ಬೇಕು. ಎಂತ ಬರೀಲಿ?"

"ಆಕಾಶ ಮಾಪಣ್ಣ. ಕೆಳಗ... ಗೌಂಡಿ ಮತ್ತು ವಿದ್ಯಾರ್ಥಿ ಅಂತ ಬರೀರಿ."

"ಪಕ್ಕದಲ್ಲಿ ನಾನು ಇರ್ತೇನೆ. ಪೇಪರಲ್ಲಿ ಮಾತ್ರ ಅಲ್ಲ ಆಕಾಶ... ಯಾವಾಗ್ಲೂ. ನಂಗೆ ನೀನು ಇಷ್ಟ."

"ನನಗೂ... ಮೊದಲ ದಿನದಿಂದ. ಹೇಳಲಾಕ ಧೈರ್ಯ ಇರ್ಲಿಲ್ಲ." ಅವನು ಸಿಮೆಂಟ್ ಮೆತ್ತಿದ ಕೈ ಹಿಂದೆ ಎಳೆದುಕೊಳ್ಳುವ ಮೊದಲೇ ಅವಳು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

"ನಿಮ್ಮ ಮನ್ಯಾಗ?"

"ಇವತ್ತೇ ಅಪ್ಪನಿಗೆ ಹೇಳ್ತೇನೆ."

"ಏನಂತ ಹೇಳ್ತಿ?" ಮೊದಲ ಸಲ ಅವನು ಅವಳನ್ನು ಏಕವಚನದಲ್ಲಿ ಕೇಳಿದ.

ಅಳುತ್ತಲೇ ನಕ್ಕಳು ಸಂಜನಾ.

"ನಿನ್ನ ಹೆಸರು ಹೇಳ್ತೇನೆ ಮಾರಾಯ. ಪೂರ್ತಿ ಹೆಸರು, ಕೆಲಸ ಸಹಿತ!"